ಕಸದ ಕೋಣೆಗೆ ಬೀಗ ಹಾಕಿದರೆ ಆ ಅಮ್ಮ ಎಲ್ಲಿಗೆ ಹೋಗಬೇಕು?

ಪ್ರಶ್ನೆ ಕೇಳಿದವರು: ಮೂರನೇ ಮಹಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮದು 84 ಮನೆಗಳ ಅಪಾರ್ಟ್‌ಮೆಂಟ್. ಎರಡು ತಿಂಗಳ ಹಿಂದೆ ನನ್ನನ್ನು ಸಂಘದ ಕಾರ್ಯದರ್ಶಿ ಮಾಡಿದ್ದಾರೆ. ಹಿಂದಿನ ಗೇಟಿನ ಪಕ್ಕ ನಮ್ಮ ಕಸದ ಕೋಣೆ ಇದೆ. ಬೆಳಗ್ಗೆ ಐದೂವರೆ ಹೊತ್ತಿಗೆ ಅಲ್ಲಿಗೆ ಒಬ್ಬ ಅಮ್ಮ ಬರುತ್ತಾರೆ. ವಯಸ್ಸು ಅರವತ್ತರ ಹತ್ತಿರ ಇರಬಹುದು. ಹೆಗಲ ಮೇಲೆ ದೊಡ್ಡ ಚೀಲ, ಕೈಯಲ್ಲಿ ತುದಿ ಬಗ್ಗಿಸಿದ ಕಬ್ಬಿಣದ ಕಡ್ಡಿ. ಬಾಟಲಿ, ರಟ್ಟು, ತಗಡು ಆಯ್ದುಕೊಂಡು ಆರೂವರೆ ಒಳಗೆ ಹೊರಟುಬಿಡುತ್ತಾರೆ. ನಾವು ಈ ಕಟ್ಟಡಕ್ಕೆ ಬಂದು ಒಂಬತ್ತು ವರ್ಷ ಆಯಿತು. ಅದಕ್ಕೂ ಮೊದಲಿನಿಂದ ಅವರು ಬರುತ್ತಿದ್ದಾರಂತೆ.

ಈಗ ಕಸ ಒಯ್ಯುವ ಒಂದು ಕಂಪನಿಯವರು ಬಂದು ಮಾತಾಡಿ ಹೋಗಿದ್ದಾರೆ. ಒಣ ಕಸ ಪೂರ್ತಿ ಅವರಿಗೇ ಕೊಡಬೇಕು. ಬೇರೆ ಯಾರೂ ಮುಟ್ಟಬಾರದು. ಕೋಣೆಗೆ ಬೀಗ ಇರಬೇಕು. ಅದಕ್ಕೆ ಅವರು ತಿಂಗಳು ತಿಂಗಳು ತೂಕದ ಲೆಕ್ಕ ಕೊಡುತ್ತಾರೆ, ಸಂಘಕ್ಕೆ ಸ್ವಲ್ಪ ಹಣವೂ ಬರುತ್ತದೆ. ಸಭೆಯಲ್ಲಿ ಬಹಳ ಜನ ಒಪ್ಪಿದರು. "ಆ ಅಮ್ಮನ ಗತಿ?" ಎಂದು ನಾನು ಕೇಳಿದೆ. "ಒಂದಿಷ್ಟು ದುಡ್ಡು, ಹಳೇ ಬಟ್ಟೆ ಕೊಟ್ಟು ಕಳಿಸೋಣ" ಎಂದರು. ಒಬ್ಬರು, "ಅವರು ಚೀಲ ಹರಿದು ಕಸ ಚೆಲ್ಲುತ್ತಾರೆ, ಮೊದಲು ಅದು ನಿಲ್ಲಲಿ" ಎಂದರು.

ನನಗೆ ಒಪ್ಪಿಗೆ ಆಗಲಿಲ್ಲ. ಆದರೆ ಅಲ್ಲಿ ಎದ್ದು ನಿಂತು ಹೇಳಲು ನನ್ನ ಹತ್ತಿರ ಮಾತೂ ಇರಲಿಲ್ಲ. ನಾವು ಬಿಸಾಡಿದ ವಸ್ತುವಿನ ಮೇಲೆ ಅವರಿಗೆ ಹಕ್ಕು ಅಂತ ಏನಾದರೂ ಇರುತ್ತದಾ? ಇದನ್ನು ಒಂದು ಕೆಲಸ ಅಂತ ಯಾರಾದರೂ, ಎಲ್ಲಾದರೂ ಒಪ್ಪಿಕೊಂಡಿದ್ದಾರಾ? ಮುಂದಿನ ಸಭೆಗೆ ಇನ್ನು ಹದಿನೈದು ದಿನ ಇದೆ. ಈ ಬದುಕನ್ನು ಹತ್ತಿರದಿಂದ ಕಂಡವರು ಯಾರಾದರೂ ಇದ್ದರೆ ಹೇಳಿ.

---

ಉತ್ತರ: ಹಳೇ ಪುಟ

ನಾನು ಇತಿಹಾಸದ ವಿದ್ಯಾರ್ಥಿ. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಮಾತ್ರ ಉತ್ತರ ಕೊಡಬಲ್ಲೆ.

ನಿಮ್ಮ ಸಭೆಯಲ್ಲಿ ನಡೆದ ಮಾತು 1883ರಲ್ಲಿ ಪ್ಯಾರಿಸ್‌ನಲ್ಲೂ ನಡೆದಿತ್ತು. ಅಲ್ಲಿನ ಆಡಳಿತಾಧಿಕಾರಿ ಯೂಜೀನ್ ಪುಬೆಲ್ ಒಂದು ಆದೇಶ ಹೊರಡಿಸಿದ. ಪ್ರತಿ ಕಟ್ಟಡದ ಮಾಲೀಕರೂ ಮುಚ್ಚಳ ಇರುವ ಡಬ್ಬಿ ಇಡಬೇಕು, ಕಸ ಅದರಲ್ಲೇ ಹಾಕಬೇಕು ಎಂದು. ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಿಗೆ ಇವತ್ತಿಗೂ ಅವನದೇ ಹೆಸರು. ಅಲ್ಲಿಯವರೆಗೆ ಜನ ರಾತ್ರಿ ಬೀದಿಗೆ ಕಸ ಸುರಿಯುತ್ತಿದ್ದರು. ಚಿಂದಿ ಆಯುವವರು ಲಾಂದ್ರ, ಕೊಕ್ಕೆ ಹಿಡಿದು ಬೆಳಗಾಗುವ ಮೊದಲೇ ಅದನ್ನು ಆಯುತ್ತಿದ್ದರು. ಡಬ್ಬಿ ಬಂದರೆ ತಮ್ಮ ಅನ್ನಕ್ಕೆ ಕಲ್ಲು ಎಂದು ಅವರು ಬೀದಿಗಿಳಿದರು. ಪತ್ರಿಕೆಗಳೂ ಅವರ ಪರ ಬರೆದವು. ಕೊನೆಗೆ, ಗಾಡಿ ಬರುವ ಮೊದಲು ಡಬ್ಬಿಯ ಕಸವನ್ನು ಬಟ್ಟೆಯ ಮೇಲೆ ಸುರಿದು ಆರಿಸಿಕೊಳ್ಳಬಹುದು, ಆಮೇಲೆ ವಾಪಸ್ ತುಂಬಬೇಕು ಎಂದು ಸಡಿಲ ಮಾಡಿದರು. ನಿಮ್ಮ ಅಮ್ಮ ಐದೂವರೆಯಿಂದ ಆರೂವರೆವರೆಗೆ ಮಾಡುವುದು ಅದೇ ಕೆಲಸ ಅಲ್ವಾ?

ಅದಕ್ಕೂ ಹಿಂದಿನಿಂದ ಚಿಂದಿಗೆ ಯಾಕೆ ಅಷ್ಟು ಬೆಲೆ ಇತ್ತು ಅಂದರೆ, ಬಹುಕಾಲ ಕಾಗದ ತಯಾರಾಗುತ್ತಿದ್ದುದೇ ಹಳೇ ಬಟ್ಟೆಯಿಂದ. ಮರದ ತಿರುಳಿನಿಂದ ಕಾಗದ ಮಾಡುವುದು ಹತ್ತೊಂಬತ್ತನೇ ಶತಮಾನದ ಮಧ್ಯದ ನಂತರ ಬಂದ ವಿದ್ಯೆ. ಅದಕ್ಕೂ ಮೊದಲು ಯೂರೋಪಿನಲ್ಲಿ ಅಚ್ಚಾದ ಪುಸ್ತಕಗಳ ಹಾಳೆಯ ಹಿಂದೆ ಯಾರೋ ಆಯ್ದು ತಂದ ಹರಕು ಬಟ್ಟೆ ಇದೆ. ಹಳೇ ಪುಸ್ತಕ ಮುಟ್ಟಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಹಕ್ಕಿನ ವಿಚಾರಕ್ಕೆ ಬರುತ್ತೇನೆ. ಕೊಲಂಬಿಯಾ ದೇಶದ ಸಂವಿಧಾನ ನ್ಯಾಯಾಲಯ 2003ರಲ್ಲಿ ಒಂದು ತೀರ್ಪು ಕೊಟ್ಟಿತು. ನಗರದ ಕಸದ ಟೆಂಡರ್ ಕರೆಯುವಾಗ, ಆ ಕಸವನ್ನೇ ನಂಬಿ ಬದುಕಿದವರನ್ನು ಹೊರಗಿಡುವಂತಿಲ್ಲ ಎಂದಿತು. 2011ರಲ್ಲಿ ರಾಜಧಾನಿ ಬೊಗೊಟಾದ ಟೆಂಡರನ್ನು ಇದೇ ಕಾರಣಕ್ಕೆ ತಡೆಯಿತು. 2013ರಿಂದ ಅಲ್ಲಿನ ಆಯುವವರಿಗೆ, ಗುಜರಿಯಿಂದ ಬರುವ ದುಡ್ಡಲ್ಲದೆ, ನಗರದ ಕಸ ಕಡಿಮೆ ಮಾಡಿದ ಸೇವೆಗೆ ತೂಕದ ಲೆಕ್ಕದಲ್ಲಿ ಸರ್ಕಾರದಿಂದಲೂ ಹಣ ಸಿಗತೊಡಗಿತು. ಈ ಹೋರಾಟದ ಮುಂಚೂಣಿಯಲ್ಲಿದ್ದ ನೋರಾ ಪಡಿಲಾ ಸ್ವತಃ ಕಸ ಆಯುವ ಮನೆತನದವರು. ಬ್ರೆಜಿಲ್ 2002ರಲ್ಲೇ ತನ್ನ ಅಧಿಕೃತ ಉದ್ಯೋಗಗಳ ಪಟ್ಟಿಯಲ್ಲಿ ಇದನ್ನು ಒಂದು ಕಸುಬಾಗಿ ಸೇರಿಸಿತು. ಪುಣೆಯಲ್ಲಿ 1993ರಲ್ಲೇ ಕಾಗದ, ಗಾಜು, ತಗಡು ಆಯುವವರ ಸಂಘಟನೆ ಕಟ್ಟಿದರು. 2008ರಿಂದ ಅವರದೇ ಸಹಕಾರ ಸಂಘ ಮನೆಮನೆಯಿಂದ ಕಸ ಸಂಗ್ರಹಿಸುತ್ತಿದೆ. ಮನೆಯವರು ತಿಂಗಳಿಗಿಷ್ಟು ಅಂತ ಅವರಿಗೆ ಕೊಡುತ್ತಾರೆ.

ಪ್ರಪಂಚದಲ್ಲಿ ಒಂದೂವರೆಯಿಂದ ಎರಡು ಕೋಟಿ ಜನ ಈ ಕೆಲಸದಲ್ಲಿದ್ದಾರೆ ಎಂಬುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜು. ಇದನ್ನೂ ನಿಮ್ಮ ಸಭೆಯಲ್ಲಿ ಹೇಳಿ.

---

ಉತ್ತರ: ಗೋಣಿಚೀಲ

ಮೇಡಂ, ಹತ್ತಿರದಿಂದ ಕಂಡವರು ಇದ್ದರೆ ಹೇಳಿ ಅಂದಿರಿ. ನನ್ನ ಅವ್ವ ಮೂವತ್ತು ವರ್ಷ ಇದೇ ಕೆಲಸ ಮಾಡಿದಳು. ಎಂಟನೇ ವಯಸ್ಸಿನಿಂದ ಹದಿನಾಲ್ಕರವರೆಗೆ ನಾನೂ ಅವಳ ಹಿಂದೆ ಚೀಲ ಹಿಡಿದು ನಡೆದಿದ್ದೇನೆ. ಈಗ ಒಣ ಕಸ ವಿಂಗಡಿಸುವ ಶೆಡ್ಡಿನಲ್ಲಿ ಮೇಲ್ವಿಚಾರಕ ಆಗಿದ್ದೇನೆ. ಇಪ್ಪತ್ತಾರು ಜನ ನನ್ನ ಜೊತೆ ಕೆಲಸ ಮಾಡುತ್ತಾರೆ. ಹಾಗಾಗಿ ಎರಡೂ ಕಡೆ ಗೊತ್ತು.

ಮೊದಲು ಬೀಗದ ಮಾತು. ನಾನು ಹತ್ತು ವರ್ಷದವನಿದ್ದಾಗ ಒಂದು ದಿನ ಬೆಳಗ್ಗೆ ಹೋದರೆ, ನಾವು ಯಾವಾಗಲೂ ಆಯುತ್ತಿದ್ದ ಸಾಲಿನ ಮೊದಲ ತೊಟ್ಟಿಗೆ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ. ಅವ್ವ ಬೀಗವನ್ನು ಕೈಯಲ್ಲಿ ಹಿಡಿದು ನೋಡಿದಳು. ಏನೂ ಮಾತಾಡಲಿಲ್ಲ. ಒಂದು ತಿಂಗಳಲ್ಲಿ ಆ ಸಾಲಿನ ಎಲ್ಲ ತೊಟ್ಟಿಗೂ ಬೀಗ ಬಿತ್ತು. ಆಮೇಲೆ ಅರ್ಧ ಚೀಲ ತುಂಬಲು ಎರಡರಷ್ಟು ದೂರ ನಡೆಯಬೇಕಾಯಿತು. ಹೊಸ ಜಾಗಕ್ಕೆ ಹೋದರೆ ಅಲ್ಲಿ ಆಗಲೇ ಆಯುತ್ತಿದ್ದವರು ಇರುತ್ತಾರಲ್ಲ, ಅವರು ನಮ್ಮನ್ನು ಬಿಡುತ್ತಾರಾ? ನಾವೂ ಬಿಡುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಒಂದು ದಾರಿ ಇರುತ್ತದೆ. ಯಾವ ಬೀದಿಯಲ್ಲಿ ಯಾವ ದಿನ ಏನು ಸಿಗುತ್ತದೆ ಅನ್ನುವುದು ವರ್ಷಗಟ್ಟಲೆ ನಡೆದು ಕಲಿತದ್ದು. ಆ ದಾರಿ ಹೋಯಿತು ಅಂದರೆ ಹೊಲ ಹೋದ ಹಾಗೆ. ನಿಮ್ಮ ಕಸದ ಕೋಣೆ ಆ ಅಮ್ಮನ ಹೊಲ. ಒಂಬತ್ತು ವರ್ಷಕ್ಕಿಂತ ಜಾಸ್ತಿ ಉತ್ತಿದ್ದಾರೆ.

"ಚೀಲ ಹರಿದು ಚೆಲ್ಲುತ್ತಾರೆ" ಎಂದರಂತೆ. ನಿಜ, ಚೆಲ್ಲುತ್ತದೆ. ಯಾಕೆ ಚೆಲ್ಲುತ್ತದೆ? ಹಸಿ, ಒಣ ಎಲ್ಲ ಒಂದೇ ಕವರಿಗೆ ತುಂಬಿ ಗಂಟು ಹಾಕಿದರೆ ಹರಿಯದೆ ತೆಗೆಯುವುದು ಹೇಗೆ? ಒಂದು ಬಾಟಲಿಗಾಗಿ ಕೊಳೆತದ್ದರೊಳಗೆ ಕೈ ಹಾಕಬೇಕು. ಒಣದ್ದು ಬೇರೆ ಇಟ್ಟರೆ ಯಾರೂ ಏನನ್ನೂ ಹರಿಯುವುದಿಲ್ಲ. ಅವ್ವನ ದಾರಿಯಲ್ಲಿ ಒಂದು ಮನೆ ಇತ್ತು. ಅಲ್ಲಿ ಒಬ್ಬ ವಯಸ್ಸಾದವರು ಬಾಟಲಿ, ಡಬ್ಬಿ ತೊಳೆದು, ಕಾಗದ ಕಟ್ಟು ಕಟ್ಟಿ ಗೇಟಿಗೆ ನೇತು ಹಾಕುತ್ತಿದ್ದರು. ಅವ್ವ ಆ ಮನೆಗೆ ಬೇಕಂತಲೇ ಕೊನೆಗೆ ಹೋಗುತ್ತಿದ್ದಳು. "ದಿನ ಹೇಗೇ ಇರಲಿ, ಕೊನೆಗೆ ಅದೊಂದು ಇರುತ್ತದಲ್ಲ ಮಗಾ" ಎನ್ನುತ್ತಿದ್ದಳು. ಅವರು ಅವಳಿಗೆ ದುಡ್ಡು ಕೊಟ್ಟದ್ದು ನಾನು ನೋಡಿಲ್ಲ. ಹಳೇ ಬಟ್ಟೆಯನ್ನೂ ಕೊಡಲಿಲ್ಲ. ಆದರೆ ಅವಳು ಅತಿ ಗೌರವದಿಂದ ನೆನೆಯುತ್ತಿದ್ದದ್ದು ಅವರನ್ನೇ.

ಇನ್ನೊಂದು ಕಡೆ ಕಾವಲುಗಾರನೊಬ್ಬ ಬಕೆಟ್ ಕದ್ದಳು ಎಂದು ಅವಳ ಚೀಲವನ್ನು ರಸ್ತೆಯಲ್ಲೇ ಸುರಿದ. ಬಕೆಟ್ ಇರಲಿಲ್ಲ. ಸುರಿದದ್ದನ್ನು ಮತ್ತೆ ನಾವೇ ತುಂಬಿಕೊಂಡೆವು. ಅವತ್ತಿನಿಂದ ಸಾಯುವವರೆಗೂ ಯಾವುದೇ ಗೇಟು ದಾಟುವಾಗ ಅವ್ವ ಚೀಲದ ಬಾಯಿ ತೆರೆದು ಹಿಡಿದುಕೊಂಡೇ ಹೋಗುತ್ತಿದ್ದಳು, ಯಾರು ಬೇಕಾದರೂ ಬಗ್ಗಿ ನೋಡಲಿ ಅಂತ. ನಿಮ್ಮ ಅಮ್ಮ ಹೊರಡುವಾಗ ಚೀಲ ಹೇಗೆ ಹಿಡಿದಿರುತ್ತಾರೆ, ಒಂದು ಸಲ ಗಮನಿಸಿ.

ಇದು ಕೆಲಸವಾ ಅಂತ ಕೇಳಿದಿರಿ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1, 2, 5 ಅಂತ ಅಂಕಿ ಇರುತ್ತದಲ್ಲ, ಅದು ಪ್ಲಾಸ್ಟಿಕ್ಕಿನ ಜಾತಿ. ಅವಳು ಅದನ್ನು ನೋಡುತ್ತಲೇ ಇರಲಿಲ್ಲ. ಬೆರಳಲ್ಲಿ ಒತ್ತಿದರೆ ಬರುವ ಸದ್ದಿನಿಂದಲೇ ಹೇಳುತ್ತಿದ್ದಳು. ಗರಗರ ಅಂದರೆ ಒಂದು, ಮೆತ್ತಗೆ ಬಗ್ಗಿದರೆ ಇನ್ನೊಂದು. ಮುರಿದ ರೇಡಿಯೋದ ಸ್ಪೀಕರಿನಿಂದ ತೆಗೆದ ದುಂಡನೆ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಯಾವುದೋ ಒಂದು. ಆಮೇಲೆ ಕಲ್ಲಿಗೆ ಉಜ್ಜಿ ಒಳಗಿನ ಬಣ್ಣ ನೋಡುವುದು. ಬೆಳ್ಳಿಯ ಹಾಗೆ ಹೊಳೆಯುವ ಹಾಳೆ ಸಿಕ್ಕರೆ ಮುಷ್ಟಿಯಲ್ಲಿ ಮುದುರಿ ಬಿಡುತ್ತಿದ್ದಳು. ಮುದುರಿದ ಹಾಗೇ ಉಳಿದರೆ ಅದು ಅಲ್ಯೂಮಿನಿಯಂ. ಮತ್ತೆ ಅರಳಿಕೊಂಡರೆ ಬರೀ ಬಣ್ಣ ಹೊಡೆದ ಪ್ಲಾಸ್ಟಿಕ್, ಯಾರೂ ಕೊಳ್ಳುವುದಿಲ್ಲ. ಈಗ ನನ್ನ ಶೆಡ್ಡಿಗೆ ಹೊಸದಾಗಿ ಸೇರುವವರಿಗೆ ನಾನು ಕಲಿಸುವ ಮೊದಲ ಪಾಠ ಇದೇ.

ಬಾಟಲಿಯನ್ನೇ ತೆಗೆದುಕೊಳ್ಳಿ. ನಿಮಗೆ ಅದು ಒಂದು ವಸ್ತು. ನಮಗೆ ಮೂರು. ಬಾಟಲಿ ಒಂದು ಜಾತಿ, ಮುಚ್ಚಳ ಇನ್ನೊಂದು, ಸುತ್ತಿದ ಲೇಬಲ್ ಮತ್ತೊಂದು. ಕಾರ್ಖಾನೆಯಲ್ಲಿ ಪುಡಿ ಮಾಡಿ ನೀರಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಆದರೆ ಪಿವಿಸಿ ಅನ್ನುವ ಇನ್ನೊಂದು ಜಾತಿಯ ಪ್ಲಾಸ್ಟಿಕ್ಕಿನ ಚೂರೂ ಬಾಟಲಿಯ ಜೊತೆಗೇ ಮುಳುಗುತ್ತದೆ. ಅದು ಸ್ವಲ್ಪ ಸೇರಿದರೂ ಇಡೀ ಸರಕು ಕೆಡುತ್ತದೆ. ಹಾಗಾಗಿ ನೀರಿಗೆ ಬೀಳುವ ಮೊದಲೇ ಅದನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಹಿಡಿದು ತೆಗೆಯಬೇಕು. ಈ ಕೆಲಸ ಎಷ್ಟು ಸೂಕ್ಷ್ಮ ಅನ್ನುವುದು ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಹಳೇ ಅಲ್ಯೂಮಿನಿಯಂ ಕರಗಿಸಿದರೆ, ಅದಿರಿನಿಂದ ಹೊಸದಾಗಿ ಮಾಡುವುದಕ್ಕಿಂತ ನೂರಕ್ಕೆ ಸುಮಾರು 95 ಪಾಲು ಶಕ್ತಿ ಉಳಿಯುತ್ತದೆ. ಆ ಉಳಿತಾಯದ ಮೊದಲ ಹೆಜ್ಜೆ ಬೆಳಗ್ಗೆ ಐದೂವರೆಗೆ ನಿಮ್ಮ ಹಿಂದಿನ ಗೇಟಿನಲ್ಲಿ ಬೀಳುತ್ತಿದೆ.

ಕಷ್ಟದ ಕಡೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಗಾಜು ಕೊಯ್ಯುತ್ತದೆ. ಸೂಜಿ ಚುಚ್ಚುತ್ತದೆ. ಒಂದು ಸಲ ಚಪ್ಪಲಿ ತೂರಿ ನನ್ನ ಪಾದಕ್ಕೆ ಸೂಜಿ ಹೊಕ್ಕಿತ್ತು. ಯಾರ ಸೂಜಿ, ಏನಿತ್ತು ಅದರಲ್ಲಿ, ಯಾರಿಗೆ ಗೊತ್ತು? ಅವ್ವ ಆ ರಾತ್ರಿ ನಿದ್ದೆ ಮಾಡಲಿಲ್ಲ. ನೀವು ಬಿಸಾಡುವ ಪ್ಯಾಡು, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಡಿ. ಸೂಜಿ, ಬ್ಲೇಡು, ಒಡೆದ ಬಲ್ಬು ಇದ್ದರೆ ಗಟ್ಟಿ ಡಬ್ಬಿಯಲ್ಲಿ ಹಾಕಿ ಮೇಲೆ ಬರೆಯಿರಿ. ಓದಲು ಬಾರದವರಿಗೂ ಕೆಂಪು ಬಣ್ಣ ಕಾಣುತ್ತದೆ.

ಕೈಗವಸಿನ ವಿಷಯವನ್ನೂ ಹೇಳಿಬಿಡುತ್ತೇನೆ, ಎಲ್ಲರೂ ಮೊದಲು ಅದನ್ನೇ ತಂದು ಕೊಡುತ್ತಾರೆ. ದಪ್ಪ ರಬ್ಬರಿನದು ಕೊಡಬೇಡಿ. ಅದನ್ನು ಹಾಕಿಕೊಂಡರೆ ಬೆರಳಿಗೆ ಏನೂ ತಿಳಿಯುವುದಿಲ್ಲ, ಕೆಲಸ ಸಾಗುವುದಿಲ್ಲ. ತೆಗೆದು ಬದಿಗಿಡುತ್ತಾರೆ. ಆಗ ನೀವು "ಕೊಟ್ಟರೂ ಹಾಕಿಕೊಳ್ಳಲ್ಲ" ಅನ್ನುತ್ತೀರಿ. ಅಂಗೈಗೆ ಮಾತ್ರ ರಬ್ಬರ್ ಇದ್ದು, ಹಿಂಬದಿ ಬಟ್ಟೆ ಇರುವ ಕೈಗವಸು ಸಿಗುತ್ತದೆ. ಅವರ ಕೈ ಅಳತೆಯದು ಕೊಡಿ.

---

ಉತ್ತರ: ಲೆಕ್ಕದ ಪುಸ್ತಕ

ಮೇಲಿನವರ ಮಾತು ಓದಿ ಮನಸ್ಸು ಭಾರ ಆಯಿತು. ಆದರೂ ನಾನೂ ಒಂದು ಸಂಘದ ಖಜಾಂಚಿ. ಆ ಕಡೆಯಿಂದ ಮೂರು ಮಾತು ಹೇಳಲೇಬೇಕು.

ನಮ್ಮ ಜಾಗದಲ್ಲಿ ಅವರಿಗೆ ಏನಾದರೂ ಪೆಟ್ಟಾದರೆ ಹೊಣೆ ಯಾರು? ಕಂಪನಿ ತೂಕದ ಲೆಕ್ಕ ಕೊಡುತ್ತದೆ, ನಮ್ಮ ಕಸ ಎಲ್ಲಿ ಹೋಯಿತು ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಬಹುದು. ಒಬ್ಬ ವ್ಯಕ್ತಿ ಬಂದು ಆಯ್ದುಕೊಂಡು ಹೋದರೆ ಏನು ತೋರಿಸುವುದು? ಮತ್ತೆ ಮಕ್ಕಳ ವಿಷಯ. ಗೋಣಿಚೀಲ ಅವರೇ ಎಂಟನೇ ವಯಸ್ಸಿನಿಂದ ಹೋಗುತ್ತಿದ್ದೆ ಅಂದಿದ್ದಾರೆ. ಬಾಗಿಲು ತೆರೆದಿಟ್ಟರೆ ನಾವು ಅದಕ್ಕೂ ಜಾಗ ಕೊಟ್ಟ ಹಾಗೆ ಆಗುವುದಿಲ್ಲವೇ? ಬೇರೆಯವರ ಮಕ್ಕಳು ನಮ್ಮ ಕಸದಲ್ಲಿ ಕೈಯಾಡಿಸುವುದನ್ನು ನೋಡಿಕೊಂಡು ನಾನು ಸುಮ್ಮನಿರಲಾರೆ.

---

ಉತ್ತರ: ಗೋಣಿಚೀಲ

ಸರ್, ನೀವು ಕೇಳಿದ್ದು ಸರಿಯಾದ ಪ್ರಶ್ನೆಗಳೇ.

ಮಕ್ಕಳ ವಿಷಯ ಮೊದಲು. ಮಗು ಬಂದರೆ ಖಂಡಿತ ಬಿಡಬೇಡಿ. ನನ್ನ ಶೆಡ್ಡಿನಲ್ಲಿ ಹದಿನೆಂಟು ತುಂಬದವರನ್ನು ಒಳಗೇ ಸೇರಿಸುವುದಿಲ್ಲ. ಆದರೆ ನಾನು ಅವ್ವನ ಹಿಂದೆ ಯಾಕೆ ಹೋಗುತ್ತಿದ್ದೆ ಗೊತ್ತಾ? ಬೀಗ ಬಿದ್ದ ಮೇಲೆ ದಾರಿ ಎರಡರಷ್ಟಾಯಿತು ಅಂದೆನಲ್ಲ, ಅದಕ್ಕೂ ಮೊದಲು ನಾನು ರಜೆಯಲ್ಲಿ ಮಾತ್ರ ಹೋಗುತ್ತಿದ್ದೆ. ಆಮೇಲೆ ದಿನವೂ ಹೋಗಬೇಕಾಯಿತು, ಶಾಲೆಗೆ ತಡವಾಗಿ ತಲುಪುತ್ತಿದ್ದೆ. ಹದಿನಾಲ್ಕಕ್ಕೆ ಒಂದು ಗುಜರಿ ಅಂಗಡಿಯವರು ಅವ್ವನನ್ನು ವಿಂಗಡಣೆಗೆ ದಿನಗೂಲಿಗೆ ಕರೆದರು. ಅವಳಿಗೆ ಒಂದು ಜಾಗ, ನಿಗದಿ ಕೂಲಿ ಸಿಕ್ಕ ವಾರವೇ ನನ್ನ ಕೈಯಿಂದ ಚೀಲ ಕಿತ್ತುಕೊಂಡಳು. ತಾಯಿಗೆ ಕೆಲಸ ಗಟ್ಟಿಯಾದರೆ ಮಗು ತಾನಾಗೇ ಶಾಲೆಗೆ ಹೋಗುತ್ತದೆ. ಬೀಗ ಹಾಕಿದರೆ ಮಗು ನಿಮ್ಮ ಗೇಟಿನಲ್ಲಿ ಕಾಣುವುದಿಲ್ಲ ಅಷ್ಟೇ, ಇನ್ನೊಂದು ಕಡೆ ಇರುತ್ತದೆ. ಆ ಇನ್ನೊಂದು ಕಡೆ ಅನ್ನುವುದು ಸಾಮಾನ್ಯವಾಗಿ ಊರ ಹೊರಗಿನ ಕಸದ ಗುಡ್ಡ. 2000ನೇ ಇಸವಿ ಜುಲೈನಲ್ಲಿ ಫಿಲಿಪೀನ್ಸ್‌ನ ಪಯತಾಸ್‌ನಲ್ಲಿ ಅಂಥ ಗುಡ್ಡ ಮಳೆಗೆ ಕುಸಿದು ಇನ್ನೂರಕ್ಕೂ ಜಾಸ್ತಿ ಜನ ಸತ್ತರು. ಅದರ ಬುಡದಲ್ಲೇ ಗುಡಿಸಲು ಕಟ್ಟಿಕೊಂಡು, ಅದನ್ನೇ ಆಯ್ದು ಬದುಕುತ್ತಿದ್ದವರು.

ತೂಕದ ಲೆಕ್ಕ ಬೇಕು ಅಂದಿರಿ. ಒಂದು ನೇತು ತಕ್ಕಡಿ, ಒಂದು ಪುಸ್ತಕ ಇಡಿ. ಆಯ್ದದ್ದನ್ನು ತೂಗಿ ಬರೆದುಕೊಳ್ಳಿ. ಅದಕ್ಕಿಂತ ನಿಜವಾದ ಲೆಕ್ಕ ಇನ್ನೊಂದಿಲ್ಲ. ಕಂಪನಿಯ ಲಾರಿ ತುಂಬಿ ಹೋದದ್ದೆಲ್ಲ ಮರುಬಳಕೆ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಲಾರಿಯಲ್ಲಿ ಒತ್ತಿ ತುಂಬಿದಾಗ ಕಾಗದ ಒದ್ದೆಯಾಗುತ್ತದೆ, ಗಾಜು ಪುಡಿಯಾಗಿ ಎಲ್ಲದರೊಳಗೂ ಸೇರಿಕೊಳ್ಳುತ್ತದೆ. ನನ್ನ ಶೆಡ್ಡಿಗೆ ಬರುವ ಅಂಥ ಸರಕನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಗೇಟಿನಲ್ಲೇ ಆಯ್ದಿದ್ದರೆ ಅದರಲ್ಲಿ ಎಷ್ಟೋ ಉಳಿಯುತ್ತಿತ್ತು.

ಕೈರೋ ನಗರದಲ್ಲಿ ಏನಾಯಿತು ನೋಡಿ. ಅಲ್ಲಿ ಜಬ್ಬಾಲೀನ್ ಅಂತ ಕರೆಯುವ ಜನ ತಲೆಮಾರುಗಳಿಂದ ಮನೆಮನೆ ಕಸ ಒಯ್ಯುತ್ತಿದ್ದರು. ಹಸಿ ಕಸ ಅವರ ಹಂದಿಗಳಿಗೆ, ಒಣದ್ದು ವಿಂಗಡಿಸಿ ಮಾರಾಟಕ್ಕೆ. 2003ರ ಹೊತ್ತಿಗೆ ಸರ್ಕಾರ ಹೊರದೇಶದ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಕಂಪನಿಯವರು ಬೀದಿ ಮೂಲೆಯಲ್ಲಿ ತೊಟ್ಟಿ ಇಟ್ಟರು. ಮಹಡಿ ಹತ್ತಿ ಬಾಗಿಲಿಗೆ ಬರುವವರ ಅಭ್ಯಾಸ ಇದ್ದ ಜನಕ್ಕೆ ಅದು ಒಗ್ಗಲಿಲ್ಲ. 2009ರಲ್ಲಿ ಹಂದಿಜ್ವರದ ಹೆದರಿಕೆಯಲ್ಲಿ ಅವರ ಹಂದಿಗಳನ್ನೂ ಕೊಂದರು. ಸುಮಾರು 3 ಲಕ್ಷ ಹಂದಿ. ಆಮೇಲೆ ಹಸಿ ಕಸ ಬೀದಿಯಲ್ಲಿ ಕೊಳೆಯತೊಡಗಿತು. ದಿನವೂ ಸದ್ದಿಲ್ಲದೆ ಕಸ ಖಾಲಿ ಆಗುತ್ತಿದ್ದದ್ದು ಯಾರಿಂದ ಅಂತ ಜನಕ್ಕೆ ಆಗ ತಿಳಿಯಿತು.

ನಾನು ಕಂಪನಿ ಬೇಡವೇ ಬೇಡ ಅನ್ನುತ್ತಿಲ್ಲ. ಬೆಲೆ ಇಲ್ಲದ ಕಸವೂ ಬಹಳ ಇದೆ. ಒಳಗೆ ಬೆಳ್ಳಿ, ಹೊರಗೆ ಬಣ್ಣ ಇರುವ ಪದರದ ಕವರು, ಹರಿದ ಚಪ್ಪಲಿ, ಥರ್ಮಾಕೋಲು. ಅದನ್ನು ಲಾರಿ ಒಯ್ಯಲಿ. ಆದರೆ ಅಮ್ಮ ಆಯ್ದ ಮೇಲೆ ಒಯ್ಯಲಿ. ಇನ್ನೊಂದು ಮಾತು, ಗುಜರಿಯ ದರ ನಮ್ಮ ಕೈಯಲ್ಲಿಲ್ಲ. ಕಚ್ಚಾ ತೈಲದ ಬೆಲೆ ಬಿದ್ದರೆ ಹೊಸ ಪ್ಲಾಸ್ಟಿಕ್ ಅಗ್ಗ ಆಗುತ್ತದೆ, ಆಗ ಹಳೇ ಬಾಟಲಿಯನ್ನು ಕೇಳುವವರಿಲ್ಲ. 2020ರಲ್ಲಿ ಹಾಗೇ ಆಯಿತು. ಅದೇ ಚೀಲ, ಅದೇ ನಡಿಗೆ, ಕೈಗೆ ಬರುವುದು ಮಾತ್ರ ಕಡಿಮೆ. ಹಾಗಾಗಿ ಆಯ್ದದ್ದು ಅವರದು, ಅದರ ಮೇಲೆ ವಿಂಗಡಣೆ ಮಾಡಿದ್ದಕ್ಕೆ ತಿಂಗಳಿಗೆ ಒಂದು ಕೂಲಿಯೂ ಇರಬೇಕು. 84 ಮನೆಗೆ ಅದು ಭಾರ ಆಗುವುದಿಲ್ಲ.

ಪೆಟ್ಟಾದರೆ ಹೊಣೆ ಯಾರದು ಅಂದಿರಲ್ಲ. ಇವತ್ತು ಕತ್ತಲಲ್ಲಿ ಬಂದು ಹೋಗುವವರಿಗೆ ಪೆಟ್ಟಾದರೆ ನಿಮಗೆ ಗೊತ್ತೇ ಆಗುವುದಿಲ್ಲ. ಒಂದು ಗುರುತಿನ ಚೀಟಿ ಕೊಡಿ, ಹಗಲಲ್ಲಿ ಬರಲು ಹೇಳಿ, ಕೈ ತೊಳೆಯಲು ನಲ್ಲಿ ತೋರಿಸಿ. ಆಮೇಲೆ ನೀವೇ ಹೊಣೆ ಹೊರುತ್ತೀರಿ. ಪರಿಚಯ ಆದವರ ಹೊಣೆ ಹೊರುವುದು ಕಷ್ಟ ಅಲ್ಲ.

---

ಉತ್ತರ: ಹಳೇ ಪುಟ

ಒಂದು ಮಾತು ಸೇರಿಸುತ್ತೇನೆ. ಮಾರ್ಚ್ 1ನ್ನು ಆಯುವವರ ಅಂತಾರಾಷ್ಟ್ರೀಯ ದಿನ ಎಂದು ಆಚರಿಸುತ್ತಾರೆ. ಅದರ ಹಿಂದಿರುವುದು ದುಃಖದ ಸಂಗತಿ. 1992ರಲ್ಲಿ ಕೊಲಂಬಿಯಾದ ಬರಾಂಕಿಯಾ ನಗರದಲ್ಲಿ ಒಂದು ವಿಶ್ವವಿದ್ಯಾಲಯದ ಕಾವಲುಗಾರರು, ರಟ್ಟು ಕೊಡುತ್ತೇವೆ ಬನ್ನಿ ಎಂದು ಆಯುವವರನ್ನು ಒಳಗೆ ಕರೆದು ಕೊಂದರು. ಹೆಣಗಳನ್ನು ವೈದ್ಯಕೀಯ ಪಾಠಕ್ಕೆ ಮಾರಲು. ಸತ್ತಂತೆ ಬಿದ್ದಿದ್ದ ಒಬ್ಬ ತಪ್ಪಿಸಿಕೊಂಡು ಹೋಗಿ ದೂರು ಕೊಟ್ಟದ್ದರಿಂದ ಹೊರಬಿತ್ತು. ಇವರು ಕಾಣೆಯಾದರೆ ಯಾರೂ ಹುಡುಕುವುದಿಲ್ಲ ಎಂದು ಕೊಂದವರು ನಂಬಿದ್ದರು. ಗೋಣಿಚೀಲ ಅವರು ಗುರುತಿನ ಚೀಟಿ ಅಂದಾಗ ನನಗೆ ಇದು ನೆನಪಾಯಿತು.

---

ಪ್ರಶ್ನೆ ಕೇಳಿದವರು: ಮೂರನೇ ಮಹಡಿ

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ಮಾತು ಓದಿದ ಮರುದಿನ ಐದೂವರೆಗೆ ಕೆಳಗೆ ಹೋದೆ. ನನ್ನನ್ನು ನೋಡಿದ ಕೂಡಲೇ ಅವರು ಚೀಲ ಕೆಳಗಿಟ್ಟು ಹಿಂದೆ ಸರಿದು ನಿಂತರು. "ಅಮ್ಮಾ, ಬೈಯಲು ಬಂದಿಲ್ಲ" ಎಂದೆ. ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಹೌದು, ಹೊರಡುವಾಗ ಚೀಲದ ಬಾಯಿ ತೆರೆದೇ ಹಿಡಿದಿದ್ದರು. ನಾನು ಇಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ.

ಎರಡನೇ ದಿನ ಅವರೇ ಮಾತಾಡಿದರು. ಸೋಮವಾರ ಕಸ ಜಾಸ್ತಿ ಇರುತ್ತದಂತೆ, ಒಬ್ಬರ ಕೈಯಲ್ಲಿ ಆಗುವುದಿಲ್ಲವಂತೆ. ತಂಗಿಯನ್ನೂ ಕರೆತರಬಹುದಾ ಎಂದು ಕೇಳಿದರು. ಯಾವ ಮಹಡಿಯವರು ಹಸಿ, ಒಣ ಬೇರೆ ಮಾಡುತ್ತಾರೆ, ಯಾರು ಮಾಡುವುದಿಲ್ಲ ಅನ್ನುವುದು ಅವರಿಗೆ ಬಾಯಿಪಾಠ. ಗಾಜನ್ನು ಕಾಗದದಲ್ಲಿ ಸುತ್ತಿ ಹಾಕುವ ಮನೆ ನಮ್ಮಲ್ಲಿ ಒಂದೇ ಒಂದಂತೆ. ಅದು ನಮ್ಮ ಮನೆಯಲ್ಲ ಎಂದು ಹೇಳಲು ನನಗೆ ತುಂಬಾ ಕಷ್ಟ ಆಗುತ್ತಿದೆ.

ಸಭೆ ಮುಂಚಿತವಾಗಿಯೇ ನಿನ್ನೆ ನಡೆಯಿತು. ನೀವು ಹೇಳಿದ್ದನ್ನೆಲ್ಲ ಹೇಳಿದೆ. ಸುಲಭ ಇರಲಿಲ್ಲ. ಇಬ್ಬರು ಅರ್ಧಕ್ಕೇ ಎದ್ದು ಹೋದರು. ಕೊನೆಗೆ ಆರು ತಿಂಗಳು ಹೀಗೆ ನೋಡೋಣ ಅಂತ ಆಯಿತು. ಆಯ್ದದ್ದು ಅಮ್ಮನದು, ಉಳಿದದ್ದು ಕಂಪನಿಗೆ. ತಿಂಗಳಿಗೆ ಕೂಲಿ, ಗುರುತಿನ ಚೀಟಿ, ಏಳು ಗಂಟೆಯ ನಂತರ ಕೆಲಸ. ಕಂಪನಿಯವರು ಒಪ್ಪದಿದ್ದರೆ ಬೇರೆಯವರನ್ನು ನೋಡುತ್ತೇವೆ. ಹಸಿ ಕಸದೊಳಗೆ ಬಾಟಲಿ ಹಾಕುವ ಮನೆಗಳಿಗೆ ನಾನೇ ಹೋಗಿ ಮಾತಾಡುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.

ಗೋಣಿಚೀಲ ಅವರೇ, ಒಂದು ಸಣ್ಣ ಪ್ರಶ್ನೆ. ಕೋಣೆಯೊಳಗೆ ವಿಂಗಡಿಸಲು ಒಂದು ಮೇಜು ಮಾಡಿಸುತ್ತಿದ್ದೇವೆ. ಬಡಗಿ ಅಳತೆ ಕೇಳುತ್ತಿದ್ದಾರೆ. ಎಷ್ಟು ಎತ್ತರ ಇರಬೇಕು?

---

ಉತ್ತರ: ಗೋಣಿಚೀಲ

ಅಮ್ಮನನ್ನು ನಿಲ್ಲಿಸಿ ಸೊಂಟದ ಎತ್ತರ ಅಳೆಯಿರಿ, ಅಷ್ಟೇ ಇರಲಿ. ಅವ್ವ ಮೂವತ್ತು ವರ್ಷ ಬಗ್ಗಿಯೇ ಆಯ್ದಳು, ಕೊನೆಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ.

ಮರದ ಹಲಗೆ ಬೇಡ, ನೀರು ಹೀರುತ್ತದೆ. ಮೇಲೆ ತಗಡು ಹೊಡೆಸಿ, ಅಂಚು ಮಡಚಿಸಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಕಿಟಕಿಯ ಪಕ್ಕ ಇಡಿ. ಬೆಳಕು ಎಡಗಡೆಯಿಂದ ಬೀಳಲಿ, ಅವರು ಎಡಗೈಯವರಾದರೆ ಬಲಗಡೆಯಿಂದ. ಸೋಮವಾರ ತಂಗಿಯೂ ಬರುತ್ತಾರೆ ಅಂದಿರಲ್ಲ, ಹಾಗಾದರೆ ಎದುರುಬದುರು ಇಬ್ಬರು ನಿಲ್ಲುವಷ್ಟು ಅಗಲ ಮಾಡಿಸಿ.